ವಾರ್ಡು ಸಮಿತಿಯೆಂಬ ಖಾಲಿ ಕುರ್ಚಿ

ನಮ್ಮ ಸಂಘದ ಸದಸ್ಯರಲ್ಲಿ ತಾರ್ನಾಕ, ಹಬ್ಸಿಗುಡ, ಲಾಲಾಗುಡಗಳ ಕಡೆ ಮನೆ ಮಾಡಿಕೊಂಡವರ ಸಂಖ್ಯೆ ಸಣ್ಣದೇನಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ, ರಾಷ್ಟ್ರೀಯ ಪೋಷಣಾ ಸಂಸ್ಥೆ, ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಭೂಭೌತ ಸಂಶೋಧನಾ ಸಂಸ್ಥೆ, ಲಾಲಾಗುಡದ ರೈಲ್ವೆ ಕಾರ್ಯಾಗಾರ, ಇವುಗಳಲ್ಲಿ ಯಾವುದೋ ಒಂದರ ಕೆಲಸ ನಮ್ಮವರನ್ನು ಇಲ್ಲಿಗೆ ಕರೆತಂದಿತು. ಬಂದವರು ಮೊದಲು ಬಾಡಿಗೆಗೆ ಇದ್ದರು, ಆಮೇಲೆ ಕೆಲವರು ಸ್ವಂತ ಮನೆ ಮಾಡಿಕೊಂಡರು, ಮಕ್ಕಳು ಇಲ್ಲಿಯೇ ಓದಿ ಇಲ್ಲಿಯವರೇ ಆದರು. ರಾಯಚೂರು, ಕಲಬುರಗಿ, ಬೀದರುಗಳಿಂದ ಬಂದವರಿಗಂತೂ 1956ರವರೆಗೆ ಇದೇ ರಾಜಧಾನಿ. ಅವರನ್ನು ವಲಸೆಗಾರರೆನ್ನುವುದೇ ಒಂದು ಬಗೆಯ ವಿನೋದ. ಹೀಗಿದ್ದೂ ಈ ಮನೆಗಳಲ್ಲಿ ಬೆಂಗಳೂರಿನ ವಿಧಾನಸೌಧದ ಸುದ್ದಿ ಎಷ್ಟು ಬಾಯಿಪಾಠವೋ ತಮ್ಮ ವಾರ್ಡಿನ ಸುದ್ದಿ ಅಷ್ಟೇ ಅಪರಿಚಿತ. ನಿಮ್ಮ ಕಾರ್ಪೊರೇಟರ್ ಯಾರು ಎಂದರೆ ತಡವರಿಸುವವರು ಅನೇಕ. ಅವರಿಗೆ ಇರುವ ಅಧಿಕಾರವೇನು ಎಂದರೆ ತಡವರಿಸದೆ ಉತ್ತರಿಸಬಲ್ಲವರು ಇಲ್ಲವೆಂದೇ ಹೇಳಬೇಕು.

ಇದನ್ನು ನಮ್ಮವರ ಉದಾಸೀನವೆಂದು ಬೈದು ಮುಗಿಸುವುದು ಸುಲಭ. ಆದರೆ ತೆಲುಗು ಮನೆಗಳಲ್ಲಿಯೂ ಉರ್ದು ಮನೆಗಳಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿಲ್ಲ. 2020ರ ಡಿಸೆಂಬರಿನ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ 46ರ ಆಸುಪಾಸು. ಅರ್ಧ ನಗರ ಮನೆಯಲ್ಲಿಯೇ ಕುಳಿತಿತ್ತು. ಅರ್ಧ ನಗರಕ್ಕೆ ಒಂದೇ ಸಲ ಸೋಮಾರಿತನ ಬಂದಿತೆಂದು ನಾವು ನಂಬಲಾರೆವು. ಪಾಲಿಕೆಯ ರಚನೆಯಲ್ಲಿಯೇ ಒಂದು ದೋಷವಿದೆ. ಆರಿಸಿ ಬಂದ ಸದಸ್ಯನಿಗೆ ಕೆಲಸ ಮಾಡುವ ಸಾಧನ ಕೊಟ್ಟಿಲ್ಲ, ಆರಿಸಿದ ನಾಗರಿಕನಿಗೆ ಕುಳಿತು ಮಾತನಾಡುವ ಜಾಗ ಕೊಟ್ಟಿಲ್ಲ. ಇವೆರಡೂ ಒಂದೇ ಕೊರತೆಯ ಎರಡು ಮುಖಗಳೆಂಬುದು ನಮ್ಮ ವಾದ. ಇವನ್ನು ಬೇರೆ ಬೇರೆಯೆಂದು ಭಾವಿಸಿ ಮಾಡಿದ ಸುಧಾರಣೆಗಳು ಒಂದಾದ ಮೇಲೊಂದು ಬಿದ್ದುಹೋದುದನ್ನು ವಾಚಕರು ಕಂಡಿದ್ದಾರೆ.

ತಾರ್ನಾಕದ ಮಟ್ಟಿಗೆ ಈ ಮಾತಿಗೆ ಒಂದು ವಿಶೇಷ ಸ್ವಾರಸ್ಯವಿದೆ. 2007ರ ಏಪ್ರಿಲಿನಲ್ಲಿ ಸುತ್ತಲಿನ ಹನ್ನೆರಡು ಪುರಸಭೆಗಳನ್ನೂ ಎಂಟು ಗ್ರಾಮ ಪಂಚಾಯತಿಗಳನ್ನೂ ಹಳೆಯ ನಗರಪಾಲಿಕೆಗೆ ಕೂಡಿಸಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆಯನ್ನು ರಚಿಸಿದರು. 150 ವಾರ್ಡುಗಳ ಆ ಹೊಸ ಪಾಲಿಕೆಗೆ 2009ರ ನವೆಂಬರಿನಲ್ಲಿ ಚುನಾವಣೆಯಾದಾಗ ಮೊದಲ ಮೇಯರ್ ಆದವರು ತಾರ್ನಾಕ ವಾರ್ಡಿನಿಂದ ಗೆದ್ದ ಬಂಡ ಕಾರ್ತಿಕಾ ರೆಡ್ಡಿ. 1960ರ ದಶಕದ ರಾಣಿ ಕುಮುದಿನಿ ದೇವಿಯವರಂತೆ ಆ ಪೀಠಕ್ಕೆ ಬಂದ ಮಹಿಳೆ ಇವರು. ಮುಂದೆ 2021ರ ಫೆಬ್ರವರಿ 11ರಂದು ಗದ್ವಾಲ ವಿಜಯಲಕ್ಷ್ಮಿ ಮೇಯರ್ ಆದಾಗ ಉಪಮೇಯರ್ ಆಗಿ ಆಯ್ಕೆಯಾದವರೂ ತಾರ್ನಾಕದ ಸದಸ್ಯೆ, ಮೋತೆ ಶ್ರೀಲತಾ ರೆಡ್ಡಿ. ಒಂದೇ ವಾರ್ಡಿಗೆ ಇಂಥ ಭಾಗ್ಯ ಎರಡು ಬಾರಿ ಬರುವುದು ಅಪರೂಪ. ಆದರೂ ಮೇಯರರನ್ನು ಕೊಟ್ಟ ವಾರ್ಡಿನ ನಾಗರಿಕನಿಗೆ ಕಾನೂನಿನಲ್ಲಿ ದೊರೆತದ್ದು ಉಳಿದ 149 ವಾರ್ಡುಗಳವರಿಗೆ ದೊರೆತಷ್ಟೇ. ಅದು ಬಹಳ ಕಡಿಮೆ. ಆದುದರಿಂದ ನಮ್ಮ ಟೀಕೆ ಯಾವ ವ್ಯಕ್ತಿಯ ಮೇಲೆಯೂ ಅಲ್ಲ, ಯಾವ ಪಕ್ಷದ ಮೇಲೆಯೂ ಅಲ್ಲ. ಪೀಠದ ಮೇಲೆ ಯಾರು ಕುಳಿತರೂ ಪೀಠದ ಕಾಲು ಗಿಡ್ಡವಾಗಿರುವ ಸಂಗತಿ ಇದು.

ಮೊದಲು ಸಭೆಯೇ ಇಲ್ಲದ ಕಾಲದ ಲೆಕ್ಕ ನೋಡೋಣ. ಹೈದರಾಬಾದಿನಲ್ಲಿ 1986ರಲ್ಲಿ ನಗರಪಾಲಿಕೆಗೆ ಚುನಾವಣೆಯಾಯಿತು. ಅದರ ನಂತರದ್ದು 2002ರಲ್ಲಿ. ನಡುವೆ ಹದಿನಾರು ವರ್ಷ. ಆಮೇಲೆ 2009, 2016, 2020. ಅವಧಿ ಮುಗಿದು ಮುಂದಿನ ಸಭೆ ಬರುವವರೆಗಿನ ತೆರಪಿನಲ್ಲಿ ವಿಶೇಷಾಧಿಕಾರಿಗಳ ಆಡಳಿತ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು 1992ರ 74ನೆಯ ಸಂವಿಧಾನ ತಿದ್ದುಪಡಿ ಸ್ಪಷ್ಟವಾಗಿ ವಿಧಿಸಿದ ಮೇಲೂ ಹೀಗಾಗಿದೆ. ಇದರಲ್ಲಿ ನಮ್ಮ ತವರಿನವರು ಹೆಮ್ಮೆಪಡುವಂತೆಯೂ ಇಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನು ಐದಾಗಿ ಒಡೆಯುವ ತನಕವೂ ಹೊಸ ಸಭೆ ಬರಲಿಲ್ಲ. ಒಂದು ಪೂರ್ಣ ಅವಧಿಯೇ ಸಭೆಯಿಲ್ಲದೆ ಕಳೆದುಹೋಯಿತು. ಕಲಬುರಗಿಯ ಕಥೆ ಇನ್ನೂ ಸೊಗಸು. ಅಲ್ಲಿ 2021ರ ಸೆಪ್ಟೆಂಬರಿನಲ್ಲಿ ಜನ ಮತ ಹಾಕಿ ಸದಸ್ಯರನ್ನು ಆರಿಸಿದರು. ಮಹಾಪೌರರ ಆಯ್ಕೆಯಾದುದು 2023ರ ಮಾರ್ಚಿನಲ್ಲಿ. ಗೆದ್ದ ಸದಸ್ಯರು ಒಂದೂವರೆ ವರ್ಷ ಕಾಯುತ್ತ ಕುಳಿತಿದ್ದರು. ಮದುವೆಯಾಗಿ ಪ್ರಸ್ತಕ್ಕೆ ಮುಹೂರ್ತ ಸಿಕ್ಕದ ವರನ ಹಾಗೆ ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ನಗೆಯಾಡಿದ್ದುಂಟು.

ಸಭೆ ಇರುವ ಕಾಲದಲ್ಲಾದರೂ ಸದಸ್ಯನ ಪಾಡೇನು? 2011ರ ಜನಗಣತಿಯಂತೆ ಈ ಪಾಲಿಕೆಯ ಜನಸಂಖ್ಯೆ 67 ಲಕ್ಷದ ಮೇಲೆ. ಅದನ್ನು 150 ವಾರ್ಡುಗಳಿಗೆ ಹಂಚಿದರೆ ಒಬ್ಬ ಸದಸ್ಯನ ಪಾಲಿಗೆ ಸುಮಾರು ನಲವತ್ತೈದು ಸಾವಿರ ಜನ. ಕರ್ನಾಟಕದ 1993ರ ಪಂಚಾಯತ್ ಕಾನೂನಿನಲ್ಲಿ ನಾನೂರು ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯತಿಯ ಸದಸ್ಯರು. ಅಂದರೆ ಮಾನ್ವಿಯ ಕಡೆಯ ಒಂದು ಹಳ್ಳಿಯ ಸದಸ್ಯನಿಗಿಂತ ತಾರ್ನಾಕದ ಸದಸ್ಯ ನೂರು ಪಟ್ಟು ಜನರ ಪ್ರತಿನಿಧಿ. ನೂರು ಪಟ್ಟು ಸಹಾಯವಿದೆಯೇ? ತಿಂಗಳಿಗೆ ಹತ್ತು ಸಾವಿರವನ್ನೂ ಮುಟ್ಟದ ಗೌರವಧನ; ಮೂರು ತಿಂಗಳಿಗೊಮ್ಮೆಯ ಸಾಮಾನ್ಯ ಸಭೆ; ಅಲ್ಲಿ ನೂರೈವತ್ತು ಜನರ ನಡುವೆ ಮಾತಿಗೆ ಸಿಕ್ಕುತ್ತಿದ್ದ ಕೆಲವು ನಿಮಿಷ. ಈ ಗೌರವಧನದಲ್ಲಿ ಒಬ್ಬ ಗುಮಾಸ್ತನನ್ನೂ ಇಟ್ಟುಕೊಳ್ಳಲಾಗದು. ಮನೆಯ ಮುಂಗೋಣೆಯೇ ಕಚೇರಿ, ಪಕ್ಷದ ಹುಡುಗರೇ ಸಿಬ್ಬಂದಿ. ಇಂಥ ಏರ್ಪಾಡಿನಲ್ಲಿ ಸ್ವಂತ ಹಣವಿಲ್ಲದವನು ಸದಸ್ಯನಾಗಿ ಉಳಿಯುವುದು ಕಷ್ಟ. ಹಣವಿದ್ದವನು ಖರ್ಚು ಮಾಡಿದ್ದನ್ನು ಎಲ್ಲಿಂದ ಹಿಂದೆ ಪಡೆದನೆಂದು ನಾವು ಆಮೇಲೆ ಕೇಳುತ್ತ ಕೂರುತ್ತೇವೆ. ಗೌರವಧನ ಹೆಚ್ಚಿಸುವ ಮಾತೆತ್ತಿದರೆ ಪತ್ರಿಕೆಗಳಲ್ಲಿ ಕೂಗೇಳುತ್ತದೆ. ಆ ಕೂಗು ಅಗ್ಗದ ಕೂಗು ಎಂಬುದು ನಮ್ಮ ಅಭಿಪ್ರಾಯ.

ಹಣಕ್ಕಿಂತ ದೊಡ್ಡ ಕೊರತೆ ಕಾಗದದ್ದು. ಈ ಪಾಲಿಕೆಯನ್ನು ನಡೆಸುತ್ತಿರುವುದು ಹೈದರಾಬಾದ್ ರಾಜ್ಯದ ಕಾಲದ, 1955ರ, ಕಾನೂನು. ಅದರಂತೆ ಕಾರ್ಯನಿರ್ವಾಹಕ ಅಧಿಕಾರವೆಲ್ಲ ಸರಕಾರ ನೇಮಿಸಿದ ಕಮಿಷನರರ ಕೈಯಲ್ಲಿ. ಸಭೆ ಠರಾವು ಮಾಡಬಹುದು, ಸ್ಥಾಯಿ ಸಮಿತಿ ಮಂಜೂರು ಮಾಡಬಹುದು. ಕಡತ ಮಾತ್ರ ಕಮಿಷನರರ ಕಚೇರಿಯಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆಯತಕ್ಕದ್ದು. ಒಂದು ಬೀದಿಯ ಚರಂಡಿಯ ಕೆಲಸವನ್ನೇ ತೆಗೆದುಕೊಳ್ಳಿ. ಸದಸ್ಯ ಕೇಳುತ್ತಾನೆ, ಕೆಳಗಿನ ಇಂಜಿನಿಯರ್ ಅಂದಾಜುಪಟ್ಟಿ ಬರೆಯುತ್ತಾನೆ, ಅದು ಒಬ್ಬೊಬ್ಬರೇ ಮೇಲಿನವರ ಮೇಜಿಗೆ ಏರುತ್ತದೆ, ಟೆಂಡರಾಗುತ್ತದೆ, ಗುತ್ತಿಗೆದಾರ ಬರುತ್ತಾನೆ. ಈ ಪ್ರಯಾಣದಲ್ಲಿ ಅಂದಾಜುಪಟ್ಟಿಯ ಪ್ರತಿ ಸದಸ್ಯನ ಕೈಗೆ ತಾನಾಗಿ ಬರುವ ಪದ್ಧತಿ ಬೆಳೆದಿಲ್ಲ. ಎಷ್ಟು ಉದ್ದ, ಎಷ್ಟು ಆಳ, ಕೊಳವೆಯ ಅಗಲವೆಷ್ಟು, ಬಿಲ್ಲು ಯಾವಾಗ ಪಾವತಿಯಾಯಿತು ಎಂಬುದನ್ನು ತಿಳಿಯಲು ಆತ ಅಧಿಕಾರಿಯ ಕೃಪೆಯನ್ನೇ ನಂಬಬೇಕು. ಹೀಗಿರುವಲ್ಲಿ ಚರಂಡಿ ಮಳೆಗಾಲದಲ್ಲಿ ಉಕ್ಕಿದರೆ ಜನ ಬೈಯುವುದು ಮಾತ್ರ ಸದಸ್ಯನನ್ನೇ. ಆತನಿಗೆ ಉಳಿಯುವ ದಾರಿ ಎರಡು: ಅಧಿಕಾರಿಯೊಡನೆ ಜಗಳ, ಇಲ್ಲವೇ ಅಧಿಕಾರಿಯೊಡನೆ ಸ್ನೇಹ. ಎರಡರಿಂದಲೂ ನಗರಕ್ಕೆ ಲಾಭವಿಲ್ಲ.

ಇದರ ಮೇಲೆ ಅಧಿಕಾರದ ಚೂರುಪಾರು ಹಂಚಿಕೆ. ಕುಡಿಯುವ ನೀರೂ ಒಳಚರಂಡಿಯೂ 1989ರಿಂದ ಪ್ರತ್ಯೇಕ ಜಲಮಂಡಲಿಯ ಕೈಯಲ್ಲಿ. ವಿದ್ಯುತ್ತು ಇನ್ನೊಂದು ಕಂಪೆನಿಯದು. ಮೆಟ್ರೋ ಮತ್ತೊಬ್ಬರದು. ತಾರ್ನಾಕದವರಿಗೆ ಇದು ಪುಸ್ತಕದ ಮಾತಲ್ಲ. 2017ರ ನವೆಂಬರಿನಲ್ಲಿ ಮೆಟ್ರೋ ಓಡತೊಡಗಿತು. ಕೆಳಗೆ ರಸ್ತೆಯಲ್ಲಿ ತಾರ್ನಾಕ ಚೌಕವನ್ನು ಅಡ್ಡಗಟ್ಟಿ, ನೇರ ದಾಟಬೇಕಾದವರು ದೂರ ಹೋಗಿ ತಿರುಗಿ ಬರುವಂತೆ ಮಾಡಿದ್ದು ವರ್ಷಗಟ್ಟಲೆ ಉಳಿಯಿತು. ವಿಶ್ವವಿದ್ಯಾಲಯದ ಕಡೆಯಿಂದ ಲಾಲಾಗುಡಕ್ಕೆ ಹೋಗುವವರು ಪಟ್ಟ ಪಾಡನ್ನು ಇಲ್ಲಿ ಬಣ್ಣಿಸುವ ಅಗತ್ಯವಿಲ್ಲ. 2025ರಲ್ಲಿ ಪರೀಕ್ಷಾರ್ಥವೆಂದು ಚೌಕವನ್ನು ಮತ್ತೆ ತೆರೆದರು. ಮುಚ್ಚಿದುದು ಸರಿಯೋ ತೆರೆದುದು ಸರಿಯೋ ಎಂಬುದನ್ನು ಸಂಚಾರ ತಜ್ಞರು ಹೇಳಲಿ. ನಾವು ಕೇಳುವುದಿಷ್ಟೆ: ನಿತ್ಯ ಆ ಚೌಕವನ್ನು ದಾಟುವವರು ತಮ್ಮ ಅನುಭವವನ್ನು ಹೇಳಿ, ಅದು ಬರಹದಲ್ಲಿ ದಾಖಲಾಗಿ, ಅಧಿಕಾರಿಗಳು ಅದಕ್ಕೆ ಉತ್ತರ ಕೊಡಲೇಬೇಕಾದ ಒಂದು ಸಭೆ ಕಾನೂನಿನಲ್ಲಿ ಎಲ್ಲಿದೆ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಇಲಾಖೆಗಳ ನಡುವೆ ವಾರ್ಡು ಬಡವಾಗಿದೆ.

ಜನರನ್ನು ಆಡಳಿತದಲ್ಲಿ ಸೇರಿಸಿಕೊಳ್ಳುವ ಪ್ರಯತ್ನಗಳು ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. 1997ರಲ್ಲಿ ಆಂಧ್ರ ಸರಕಾರ ಜನ್ಮಭೂಮಿಯನ್ನು ಆರಂಭಿಸಿತು. ಅಧಿಕಾರಿಗಳೇ ಬೀದಿಗೆ ಬಂದು ಅಹವಾಲು ಕೇಳಿದರು. 1999ರಲ್ಲಿ ಎಸ್. ಎಂ. ಕೃಷ್ಣ ಅವರ ಸರಕಾರ ನಂದನ್ ನಿಲೇಕಣಿಯವರ ನಾಯಕತ್ವದಲ್ಲಿ ಬೆಂಗಳೂರಿಗೆ ಒಂದು ಕಾರ್ಯಪಡೆಯನ್ನು ನೇಮಿಸಿತು. ಗಣ್ಯರು ನಗರಕ್ಕೆ ಯೋಜನೆ ಹಾಕಿದರು. ದೆಹಲಿಯಲ್ಲಿ ಶೀಲಾ ದೀಕ್ಷಿತರ ಭಾಗೀದಾರಿ ಬಂದಿತು. ಬಡಾವಣೆಗಳ ಸಂಘಗಳು ಅಧಿಕಾರಿಗಳೊಡನೆ ಕುಳಿತವು. ಹೈದರಾಬಾದಿನಲ್ಲಿ ಸೋಮವಾರದ ಪ್ರಜಾವಾಣಿ ಇದೆ. ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬಹುದು. ಇವುಗಳಿಂದ ಆದ ಒಳಿತನ್ನು ನಾವು ಅಲ್ಲಗಳೆಯುವುದಿಲ್ಲ. ಬೆಂಗಳೂರಿನ ಕಾರ್ಯಪಡೆ ಪಾಲಿಕೆಯ ಲೆಕ್ಕ ಬರೆಯುವ ಕ್ರಮವನ್ನೇ ಸುಧಾರಿಸಿತು. ಆದರೆ ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಎಲ್ಲವೂ ಆರಿಸಿ ಬಂದ ಸದಸ್ಯನನ್ನು ಬದಿಗೆ ಸರಿಸಿ ಹೊರಟ ದಾರಿಗಳು. ಅಧಿಕಾರಿಗೂ ನಾಗರಿಕನಿಗೂ ನೇರ ನಂಟು, ನಡುವಿನವನು ಬೇಡದವನು. ಅದಕ್ಕೆ ತಕ್ಕಂತೆ ಸದಸ್ಯರೂ ಇಂಥ ಏರ್ಪಾಡುಗಳನ್ನು ಶತ್ರುವೆಂದೇ ಕಂಡರು. ಹಾಕಿದ ಸರಕಾರ ಬಿದ್ದಾಗ ಅಥವಾ ಬದಲಾದಾಗ ಯೋಜನೆಯೂ ಹೋಯಿತು. ಉಳಿಸಿಕೊಳ್ಳಬೇಕೆನ್ನುವ ಚುನಾಯಿತರು ಒಬ್ಬರೂ ಇರಲಿಲ್ಲ. ಅರ್ಜಿ ಕೊಡುವವನು ಅರ್ಜಿದಾರನಾಗಿಯೇ ಉಳಿದ.

ಸದಸ್ಯನೂ ನಾಗರಿಕನೂ ಒಂದೇ ಮೇಜಿಗೆ ಕೂರುವಂತೆ ಕಾನೂನು ಕಲ್ಪಿಸಿದ ಸ್ಥಾನ ಒಂದೇ: ವಾರ್ಡು ಸಮಿತಿ. 74ನೆಯ ತಿದ್ದುಪಡಿಯಂತೆ ಮೂರು ಲಕ್ಷ ಮತ್ತು ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಇದು ಇರಲೇಬೇಕು. ಆದರೆ ಅದೇ ವಿಧಿಯಲ್ಲಿ "ಒಂದು ಅಥವಾ ಹೆಚ್ಚು ವಾರ್ಡುಗಳಿಗೆ" ಎಂಬ ಸಣ್ಣ ಕಿಂಡಿಯನ್ನು ಬಿಟ್ಟಿದ್ದರು. ಆ ಕಿಂಡಿಯಿಂದ ರಾಜ್ಯಗಳು ಆರಾಮವಾಗಿ ಹೊರಗೆ ಹೋದವು. ಹತ್ತಾರು ವಾರ್ಡುಗಳಿಗೆ ಒಂದು ಸಮಿತಿ, ಅದರಲ್ಲಿ ಸದಸ್ಯರು ಮಾತ್ರ, ಜನ ಹೊರಗೆ. 2005ರ ಡಿಸೆಂಬರಿನಲ್ಲಿ ಕೇಂದ್ರದ ನೆಹರೂ ನಗರ ನವೀಕರಣ ಯೋಜನೆ ಬಂದಾಗ, ಹಣ ಬೇಕಾದರೆ ಜನಸಹಭಾಗಿತ್ವದ ಕಾನೂನು ಮಾಡಿರೆಂಬ ಷರತ್ತು ಬಂದಿತು. ಹಣಕ್ಕಾಗಿ ಕಾನೂನು ಮಾಡಿದರು. ಹೈದರಾಬಾದಿನಲ್ಲಿ 2010ರ ಹೊತ್ತಿಗೆ ವಾರ್ಡು ಸಮಿತಿ, ಪ್ರದೇಶ ಸಭೆ ಎಂಬ ಹೆಸರುಗಳು ಹುಟ್ಟಿದವು. ಪ್ರದೇಶ ಸಭೆಯ ಪ್ರತಿನಿಧಿಗಳನ್ನು ಆ ಪ್ರದೇಶದವರು ಆರಿಸಲಿಲ್ಲ, ನಾಮಕರಣ ಮಾಡಿದರು. ಪಕ್ಷದ ಕಾರ್ಯಕರ್ತರಿಗೆ ಹಂಚುವ ಪ್ರಸಾದವಾಯಿತೆಂಬ ಟೀಕೆ ಆಗಲೇ ಕೇಳಿಬಂದಿತ್ತು.

2020ರ ಅಕ್ಟೋಬರಿನಲ್ಲಿ, ಚುನಾವಣೆಗೆ ಎರಡೇ ತಿಂಗಳಿರುವಾಗ, ತೆಲಂಗಾಣ ವಿಧಾನಸಭೆ ಪಾಲಿಕೆಯ ಕಾನೂನನ್ನು ತಿದ್ದಿತು. ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಎಂಬ ಉತ್ತಮ ವಿಧಿ ಅದರಲ್ಲಿತ್ತು. ಹಸಿರಿಗೆಂದು ಆಯವ್ಯಯದ ಹತ್ತನೆಯ ಒಂದು ಪಾಲನ್ನೂ ಮೀಸಲಿಟ್ಟರು. ಜೊತೆಗೆ ಪ್ರತಿ ವಾರ್ಡಿಗೂ ನಾಲ್ಕು ಸಮಿತಿಗಳು: ಯುವಕರದು, ಮಹಿಳೆಯರದು, ಹಿರಿಯ ನಾಗರಿಕರದು, ಗಣ್ಯರದು, ಒಂದೊಂದರಲ್ಲಿ ಇಪ್ಪತ್ತೈದು ಜನ. ವಾರ್ಡಿಗೆ ನೂರು, ನಗರಕ್ಕೆ ಹದಿನೈದು ಸಾವಿರ! ಕಾಗದದ ಮೇಲೆ ಇಷ್ಟು ದೊಡ್ಡ ಜನಸಭೆ ಬೇರೆ ನಗರಗಳಲ್ಲಿ ಇರಲಾರದು. ಆದರೆ ಈ ನೂರು ಜನ ಏನು ಓದಬೇಕು, ಯಾವುದಕ್ಕೆ ಒಪ್ಪಿಗೆ ಕೊಡಬೇಕು, ಅವರು ಬೇಡವೆಂದರೆ ಯಾವುದು ನಿಲ್ಲುತ್ತದೆ? ಕಾನೂನು ಇಲ್ಲಿ ಮೌನ ತಾಳಿದಂತೆಯೇ. ಯುವಕರನ್ನೂ ಹಿರಿಯರನ್ನೂ ಹೆಂಗಸರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ ಜಾಣತನವಂತೂ ನಮಗೆ ಅರ್ಥವಾಗಿಲ್ಲ. ಚರಂಡಿ ಉಕ್ಕಿದರೆ ವಯಸ್ಸು ನೋಡಿ ಉಕ್ಕುತ್ತದೆಯೇ? ಆಮೇಲೆ 2023ರ ಜೂನಿನಲ್ಲಿ ವಾರ್ಡು ಕಚೇರಿಗಳನ್ನು ತೆರೆದರು. ಒಬ್ಬ ಆಡಳಿತಾಧಿಕಾರಿ, ಆತನೊಂದಿಗೆ ನೈರ್ಮಲ್ಯ, ಇಂಜಿನಿಯರಿಂಗ್, ನಗರ ಯೋಜನೆ, ನೀರು ಮೊದಲಾದ ವಿಭಾಗಗಳವರು. ದೂರು ಕೊಡಲು ದೂರ ಹೋಗಬೇಕಿಲ್ಲವೆಂಬುದು ನಿಜವಾದ ಸೌಕರ್ಯ, ಅದನ್ನು ಮೆಚ್ಚಲೇಬೇಕು. ಆದರೆ ಆ ಅಧಿಕಾರಿಗಳು ಉತ್ತರ ಹೇಳಬೇಕಾದುದು ತಮ್ಮ ತಮ್ಮ ಮೇಲಧಿಕಾರಿಗಳಿಗೆ, ವಾರ್ಡಿನ ಸಭೆಗಲ್ಲ. ಅಂಗಡಿ ಹತ್ತಿರ ಬಂದಿತು, ತಕ್ಕಡಿ ಮಾತ್ರ ಹಳೆಯದೇ.

ಕರ್ನಾಟಕದ ಅನುಭವವೂ ನಮಗೆ ಪಾಠವೇ. ಅಲ್ಲಿ 2016ರಲ್ಲಿ ವಾರ್ಡು ಸಮಿತಿಗಳ ನಿಯಮಗಳಾದವು. ಪ್ರತಿ ವಾರ್ಡಿಗೆ ಹತ್ತು ಮಂದಿ, ಸದಸ್ಯನೇ ಅಧ್ಯಕ್ಷ. ಕಸದ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯ ಬೆನ್ನು ಹತ್ತಿದ ಮೇಲೆಯೇ ಬೆಂಗಳೂರಿನಲ್ಲಿ ಸಮಿತಿಗಳು ಕೂರತೊಡಗಿದ್ದು. ಸಮಿತಿಯ ತೀರ್ಮಾನವನ್ನು ತಡೆಯುವ ಹಕ್ಕನ್ನು ಅಧ್ಯಕ್ಷನಿಗೆ ಕೊಟ್ಟಿದ್ದರು. ಸಮಿತಿಯೆಂದರೆ ಸದಸ್ಯನಿಗೆ ಎಷ್ಟು ಭಯವೆಂಬುದು ಇದರಿಂದ ತಿಳಿಯುತ್ತದೆ. ಆ ಭಯವನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಚುನಾವಣೆಯಲ್ಲಿ ನಿಲ್ಲದೆ, ಯಾರಿಗೂ ಲೆಕ್ಕ ಕೊಡದೆ, ಬಿಡುವಿರುವ ಹತ್ತು ಮಂದಿ ಸದಸ್ಯನ ಮೇಲೆ ಸವಾರಿ ಮಾಡುವುದು ಪ್ರಜಾಪ್ರಭುತ್ವವಲ್ಲ. ಬಂಗಲೆಗಳ ಸಂಘ ಮುಂದಾಗಿ, ಹಿಂದಿನ ಗಲ್ಲಿಯ ಬಾಡಿಗೆದಾರರು, ಮನೆಗೆಲಸದವರು, ಗುಡಿಸಲಿನವರು ಹಿಂದುಳಿಯುವ ಅಪಾಯವೂ ಇದೆ. ತಾರ್ನಾಕದಂಥ ಕಡೆ ವಿಜ್ಞಾನಿಗಳೂ ಪ್ರಾಧ್ಯಾಪಕರೂ ಇದ್ದಾರೆ, ಅವರ ಅಡಿಗೆಮನೆಯಲ್ಲಿ ದುಡಿಯುವವರೂ ಇದ್ದಾರೆ. ಗಣ್ಯರ ಸಮಿತಿಗೆ ಯಾರು ಬರುತ್ತಾರೆಂದು ಊಹಿಸುವುದು ಕಷ್ಟವಲ್ಲ. ನಾಮಕರಣದ ಸಮಿತಿ ಈ ಕಾರಣಕ್ಕೇ ನಮಗೆ ಒಪ್ಪಿಗೆಯಿಲ್ಲ, ನಾಮಕರಣ ಮಾಡುವವರು ಎಷ್ಟೇ ಸಜ್ಜನರಾಗಿರಲಿ.

ನಮ್ಮ ಕಣ್ಣಿಗೆ ಹೆಚ್ಚು ಹಿಡಿಸುವುದು ಕಾಸರಗೋಡಿನ ಕಡೆಯ ಏರ್ಪಾಡು. ಕೇರಳದ 1994ರ ಪುರಸಭಾ ಕಾನೂನಿನಂತೆ ಒಂದು ಲಕ್ಷದೊಳಗಿನ ಊರುಗಳಲ್ಲಿ ವಾರ್ಡಿನ ಮತದಾರರೆಲ್ಲರೂ ವಾರ್ಡು ಸಭೆಯ ಸದಸ್ಯರು. ನಾಮಕರಣದ ಪ್ರಶ್ನೆಯೇ ಇಲ್ಲ. ಹೆಸರು ಮತದಾರರ ಪಟ್ಟಿಯಲ್ಲಿದ್ದರೆ ಕುರ್ಚಿ ನಿಮ್ಮದು. 1996ರಲ್ಲಿ ಅಲ್ಲಿ ಜನಯೋಜನೆಯ ಆಂದೋಲನ ಆರಂಭವಾದಾಗ ರಾಜ್ಯದ ಯೋಜನಾ ಹಣದ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಹಣವಿದ್ದುದರಿಂದ ಸಭೆಗೆ ಅರ್ಥ ಬಂದಿತು. ಕಾಸರಗೋಡಿನ ಕನ್ನಡಿಗರಿಗೆ ಅಲ್ಲಿಯೂ ಭಾಷೆಯ ದೂರುಗಳಿವೆ, ಅದು ಬೇರೆ ಮಾತು. ಸಭೆಗೆ ಬರುವವರ ಸಂಖ್ಯೆ ಕಡಿಮೆಯಾಗುತ್ತಿದೆಯೆಂಬ ಕೊರಗೂ ಅಲ್ಲಿಂದ ಕೇಳಿಬರುತ್ತದೆ. ಆದರೂ ಸಭೆ ಕರೆಯದಿದ್ದರೆ ಕಾನೂನಿಗೆ ಉತ್ತರ ಕೊಡಬೇಕು. ಪುಣೆಯಲ್ಲಿ 2006ರಿಂದ ನಾಗರಿಕರು ಬರೆದುಕೊಟ್ಟ ಸಣ್ಣ ಕೆಲಸಗಳಿಗೆ ಆಯವ್ಯಯದಲ್ಲಿ ಸ್ಥಾನ ಕೊಡುವ ರೂಢಿ ಬಂದಿತು. ಬ್ರೆಜಿಲಿನ ಪೋರ್ತೊ ಅಲೆಗ್ರೆ ಎಂಬ ನಗರ 1989ರಲ್ಲಿ ಆರಂಭಿಸಿದ ಪದ್ಧತಿಯ ದೂರದ ಸಂಬಂಧಿ ಇದು.

ಇನ್ನು ಸದಸ್ಯರ ಶಿಕ್ಷಣ. 1983ರ ಕಾನೂನಿನ ಮೂಲಕ ಕರ್ನಾಟಕದ ಪಂಚಾಯತಿಗಳಿಗೆ ಜೀವ ತುಂಬಿದ ಅಬ್ದುಲ್ ನಜೀರ್ ಸಾಬರ ಹೆಸರಿನ ಸಂಸ್ಥೆ ಮೈಸೂರಿನಲ್ಲಿದೆ. ಉಪಗ್ರಹದ ಮೂಲಕ ತಾಲೂಕು ತಾಲೂಕುಗಳಲ್ಲಿ ಹಳ್ಳಿಯ ಸದಸ್ಯೆಯರನ್ನು ಕೂರಿಸಿ ಕಲಿಸಿದ ಸಂಸ್ಥೆ ಅದು. ಮೊದಲ ಸಲ ಮನೆಯ ಹೊಸ್ತಿಲು ದಾಟಿ ಬಂದ ಹೆಂಗಸರು ಅಲ್ಲಿ ಜಮಾಖರ್ಚು ಓದಲು ಕಲಿತರು. ತಾರ್ನಾಕದವರಿಗೆ ಅಷ್ಟು ದೂರವೂ ಹೋಗಬೇಕಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿಯೇ 1970ರಲ್ಲಿ ಸ್ಥಾಪಿತವಾದ ನಗರಾಧ್ಯಯನ ಕೇಂದ್ರವಿದೆ. ಪುರಸಭೆಗಳ ಅಧಿಕಾರಿಗಳಿಗೂ ಸದಸ್ಯರಿಗ��� ತರಬೇತಿ ಕೊಡುವುದೇ ಅದರ ಕಸುಬು. ದೂರದೂರದ ಪುರಸಭೆಗಳವರು ಅಲ್ಲಿಗೆ ಬಂದು ಹೋಗುತ್ತಾರೆ. ಎರಡು ದಿನದ ಪರಿಚಯ ಶಿಬಿರದಿಂದ ಮಾತ್ರ ಯಾರೂ ಸದಸ್ಯರಾಗಲಾರರು. ಆಯವ್ಯಯ ಮಂಡನೆಯಾಗುವ ಮೊದಲು ಅದನ್ನು ಓದುವುದನ್ನು, ನಗರಯೋಜನೆಯ ನಕ್ಷೆಗೆ ಆಕ್ಷೇಪಣೆ ಬರೆಯುವುದನ್ನು, ಸಭೆಯಲ್ಲಿ ಪ್ರಶ್ನೆ ಹಾಕುವುದನ್ನು ವರ್ಷ ವರ್ಷ ಕಲಿಸಬೇಕು. ಇಂಥ ಕಲಿಕೆಗೆ ವಾರ್ಡಿನ ನಾಗರಿಕರನ್ನೂ ಜೊತೆಗೆ ಕೂರಿಸಿದರೆ ತಪ್ಪೇನು?

ಆದುದರಿಂದ ನಾವು ಹೇಳುವುದು ಬಹಳ ಸಾದಾ ಸಂಗತಿ. ವಾರ್ಡಿನ ಕಚೇರಿಯಲ್ಲಿ ಸದಸ್ಯನಿಗೆ ಒಂದು ಕೋಣೆ, ಪಾಲಿಕೆಯೇ ಸಂಬಳ ಕೊಡುವ ಒಬ್ಬ ಗುಮಾಸ್ತ. ವಾರ್ಡಿನಲ್ಲಿ ನಡೆಯುವ ಪ್ರತಿಯೊಂದು ಕೆಲಸದ ಅಂದಾಜುಪಟ್ಟಿ, ಗುತ್ತಿಗೆದಾರನ ಹೆಸರು, ಪಾವತಿಯ ದಿನಾಂಕ, ಇವುಗಳ ಪ್ರತಿ ಸದಸ್ಯನ ಕೋಣೆಗೂ ಹೊರಗಿನ ಗೋಡೆಗೂ ಒಂದೇ ದಿನ ಬರಬೇಕು. ಕೇಳದೆಯೇ ಮಾಹಿತಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕಿನ ಕಾನೂನು ಈಗಾಗಲೇ ವಿಧಿಸಿದೆ. ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆಯ ಪಾಲಿಕೆಯ ಸಭೆಗೆ ವಾರ ಮೊದಲು ವಾರ್ಡಿನ ಮತದಾರರೆಲ್ಲರಿಗೂ ತೆರೆದ ಸಭೆ. ಅಲ್ಲಿ ಜಲಮಂಡಲಿಯವರೂ ಸಂಚಾರ ಪೊಲೀಸರೂ ಹಾಜರಿರತಕ್ಕದ್ದು. ನಡೆದುದರ ನಡಾವಳಿಯನ್ನು ಬರೆದು, ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಬೇಕು. ಹೀಗಾದರೆ ಸದಸ್ಯ ಪಾಲಿಕೆಯ ಸಭೆಗೆ ಬರಿಗೈಯಲ್ಲಿ ಹೋಗುವುದಿಲ್ಲ. "ನಾನು ಹೇಳುತ್ತೇನೆ" ಎನ್ನುವ ಬದಲು "ನನ್ನ ವಾರ್ಡಿನ ಸಭೆ ಇಂಥ ದಿನ ಹೀಗೆ ಬರೆದುಕೊಟ್ಟಿದೆ" ಎನ್ನಬಹುದು. ಕಮಿಷನರರ ಮುಂದೆ ಆ ಕಾಗದಕ್ಕೆ ತೂಕವಿರುತ್ತದೆ. ಜನರಿಗೆ ಹೆದರುವ ಸದಸ್ಯನಿಗೆ ಜನರೇ ಬಲವಾಗುವುದು ಇಲ್ಲಿಯೇ. ಇದನ್ನು ಕಾರ್ಪೊರೇಟರುಗಳಿಗೆ ಮನದಟ್ಟು ಮಾಡುವುದು ಕಷ್ಟವೆಂದು ಬಲ್ಲೆವು.

ನಮ್ಮ ಮನೆಗಳ ಮಾತನ್ನೂ ಎರಡು ಸಾಲಿನಲ್ಲಿ ಹೇಳಬೇಕು. ಭಾಷೆಯ ಅಳುಕು ಕೆಲವರಿಗಿದೆ. ತೆಲುಗು ಮಾತು ನಮ್ಮವರ ನಾಲಗೆಗೆ ಎಂದೋ ಒಲಿದಿದೆ. ಅಕ್ಷರಗಳೂ ತಲೆಕಟ್ಟು ಬದಲಿಸಿದ ನಮ್ಮ ಅಕ್ಷರಗಳೇ, ನಾಲ್ಕು ದಿನ ಅಂಗಡಿಯ ಹಲಗೆ ಓದಿದರೆ ಸಾಕು. ಬಾಡಿಗೆಯವರಿಗೆ ಹಕ್ಕಿಲ್ಲವೆಂಬ ಭ್ರಮೆ ಇನ್ನೊಂದು. ವಾಸವಿದ್ದು ಪಟ್ಟಿಯಲ್ಲಿ ಹೆಸರಿದ್ದರೆ ಸ್ವಂತ ಮನೆಯವನಿಗೂ ಬಾಡಿಗೆಯವನಿಗೂ ಮತ ಒಂದೇ. ಊರಿನ ಪಟ್ಟಿಯಲ್ಲಿ ಹೆಸರು ಇಟ್ಟುಕೊಂಡು ಇಲ್ಲಿ ದೂರುವವರಿಗೆ ಮಾತ್ರ ನಾವು ಉತ್ತರ ಹೇಳಲಾರೆವು.

ಕೊನೆಯದಾಗಿ, ಇತ್ತೀಚಿನ ಒಂದು ಸಂಗತಿ. 2021ರ ಫೆಬ್ರವರಿಯಲ್ಲಿ ಕುಳಿತ ಸಭೆಯ ಅವಧಿ 2026ರ ಫೆಬ್ರವರಿಯವರೆಗಿನದು. ಅದು ಮುಗಿಯುವ ಮುನ್ನವೇ, 2025ರ ಕೊನೆಯಲ್ಲಿ, ಸುತ್ತಲಿನ 27 ನಗರ ಸ್ಥಳೀಯ ಸಂಸ್ಥೆಗಳನ್ನು ಪಾಲಿಕೆಯಲ್ಲಿ ಕರಗಿಸಿ, ವಾರ್ಡುಗಳನ್ನು 150ರಿಂದ 300ಕ್ಕೆ ಏರಿಸಿ ಹೊಸ ಗಡಿಗಳ ಕರಡನ್ನು ಡಿಸೆಂಬರಿನಲ್ಲಿ ಪ್ರಕಟಿಸಿದರು. ಆಕ್ಷೇಪಣೆಗೆ ಮೊದಲು ಕೊಟ್ಟ ಕಾಲ ಒಂದು ವಾರ. ಆ ಒಂದು ವಾರದಲ್ಲಿ ಸಾವಿರಾರು ಆಕ್ಷೇಪಣೆಗಳು ಬಂದವು. ಪಾಲಿಕೆಯ ಸದಸ್ಯರೇ ಎದ್ದು ನಿಂತು, ನಮ್ಮ ವಾರ್ಡಿನ ಗಡಿಯನ್ನು ನಮ್ಮನ್ನು ಕೇಳದೆ ಬರೆದಿದ್ದಾರೆಂದು ದೂರಿದರು. ನಾಗರಿಕನಿಗೂ ಕಾರ್ಪೊರೇಟರಿಗೂ ಗಡಿಯ ಸುದ್ದಿ ಮುಟ್ಟಿದ್ದು ಒಂದೇ ದಿನ, ಒಂದೇ ಪತ್ರಿಕೆಯಿಂದ. ವಾರ್ಡು ಸಭೆಗಳು ನಿಜವಾಗಿ ಕೂರುತ್ತಿದ್ದ ನಗರದಲ್ಲಿ ಆ ಕರಡು ಮೊದಲು ಬರಬೇಕಾದುದು ಅವುಗಳ ಮುಂದೆ. ಹೊಸ ಗಡಿಯ ನಕ್ಷೆಯಲ್ಲಿ ತಮ್ಮ ಬೀದಿ ಯಾವ ವಾರ್ಡಿಗೆ ಸೇರಿದೆಯೆಂದು ತಾರ್ನಾಕದ ನಮ್ಮ ಸದಸ್ಯರು ನೋಡಿಕೊಳ್ಳುವುದು ಒಳ್ಳೆಯದು. ಬೀದಿಯ ಸಂಖ್ಯೆ ಹಳೆಯದೇ ಇರಬಹುದು, ವಾರ್ಡು ಬೇರೆಯಾಗಿರಬಹುದು.